ತಿನ್ನದ ಸೀಗಡಿಗೆ ಅಲರ್ಜಿ ಬಂದದ್ದು ಹೇಗೆ?

“ಸೀಗಡಿ ಹೆಂಗಿರುತ್ತೆ ಅಂತಾನೇ ನಂಗೊತ್ತಿಲ್ಲ ಕಣ್ರಪ್ಪಾ. ಅದೂ ನಂಗೆ ಆಗಲ್ವಂತೆ!”

ಮೈಸೂರಿನ ರಾಜೀವನಗರದಲ್ಲಿ ನಮ್ಮ ಬಳಗದ ಗೆಳೆಯರ ಬಾಡಿಗೆ ಮನೆ ಇದೆ. ಎದುರು ಮನೆಯ ಅಕ್ಕ ರಕ್ತ ಪರೀಕ್ಷೆಯ ವರದಿ ಹಿಡಿದು ಹೀಗಂದರು. ಬೆಳಿಗ್ಗೆ ಹಾಸಿಗೆ ಕೊಡವಿದರೆ ಸಾಕು, ಸಾಲು ಸೀನು. ಅದಕ್ಕೇ ಪರೀಕ್ಷೆ ಮಾಡಿಸಿದ್ದು. ವರದಿಯಲ್ಲಿ ಟೊಮೆಟೊ, ಗೋಧಿ, ಕಡಲೆಕಾಯಿ, ಸೀಗಡಿ ಎಲ್ಲಕ್ಕೂ ‘ಪಾಸಿಟಿವ್’. ಮೂರು ತಿಂಗಳಿಂದ ಆ ಮನೆಯಲ್ಲಿ ಟೊಮೆಟೊ ಸಾರು ನಿಂತಿತ್ತು, ಚಪಾತಿ ನಿಂತಿತ್ತು. ಸೀನು ನಿಂತಿರಲಿಲ್ಲ.

ಈ ಗೊಂದಲಕ್ಕೆ ನೂರು ವರ್ಷದ ಇತಿಹಾಸವಿದೆ.

1921ರಲ್ಲಿ ಜರ್ಮನಿಯಲ್ಲಿ ಇಬ್ಬರು ವೈದ್ಯರಿದ್ದರು. ಕ್ಯೂಸ್ಟ್ನರ್ ಅವರಿಗೆ ಮೀನು ಆಗುತ್ತಿರಲಿಲ್ಲ. ಪ್ರಾಸ್‌ನಿಟ್ಜ್ ಅವರಿಗೆ ಹುಲ್ಲಿನ ಪರಾಗ ಆಗುತ್ತಿರಲಿಲ್ಲ. ಕ್ಯೂಸ್ಟ್ನರ್ ರಕ್ತದ ತಿಳಿಯನ್ನು ಪ್ರಾಸ್‌ನಿಟ್ಜ್ ತಮ್ಮ ಚರ್ಮದೊಳಗೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ರಸ ಚುಚ್ಚಿದಾಗ ಅಲ್ಲಿ ದದ್ದು ಎದ್ದಿತು! ಅಲರ್ಜಿ ಮಾಡುವುದು ರಕ್ತದಲ್ಲೇ ಇದೆ ಎಂದು ಆಗ ತಿಳಿಯಿತು. ಅದೇನು ಎಂಬುದು ಗೊತ್ತಾಗಲು 1960ರ ದಶಕವೇ ಬರಬೇಕಾಯಿತು. ಅದಕ್ಕೆ ಐಜಿಇ ಎಂದು ಹೆಸರಿಟ್ಟರು. ಇಂದಿನ ಲ್ಯಾಬ್‌ಗಳು ಅಳೆಯುವುದು ಇದನ್ನೇ.

ಐಜಿಇಯದ್ದು ಊರ ನಾಯಿಯ ಬುದ್ಧಿ. ಖಾಕಿ ಅಂಗಿ ಕಂಡರೆ ಬೊಗಳುತ್ತದೆ, ಬಂದವರು ಪೋಸ್ಟ್‌ಮ್ಯಾನೋ ಲೈನ್‌ಮ್ಯಾನೋ ನೋಡುವುದಿಲ್ಲ. ಗಾಳಿಯಲ್ಲಿ ಬರುವ ಪರಾಗದಲ್ಲೂ ತಟ್ಟೆಯಲ್ಲಿರುವ ಹಣ್ಣಿನಲ್ಲೂ ಒಂದೇ ಬಗೆಯ ಪ್ರೋಟೀನ್ ಇದ್ದರೆ ಎರಡಕ್ಕೂ ಎಗರುತ್ತದೆ. ಅಮೆರಿಕದಲ್ಲಿ ರ‍್ಯಾಗ್‌ವೀಡ್ ಎಂಬ ಕಳೆಯಿದೆ. ಅದರ ಪರಾಗಕ್ಕೆ ಸೀನುವ ಕೆಲವರಿಗೆ ಕರಬೂಜ, ಬಾಳೆಹಣ್ಣು ತಿಂದರೆ ಬಾಯಿ ತುರಿಸುತ್ತದೆ ಎಂದು 1970ರಲ್ಲೇ ಅಲ್ಲಿನ ವೈದ್ಯರು ಬರೆದರು.

ಆ ರ‍್ಯಾಗ್‌ವೀಡ್‌ಗೆ ನಮ್ಮಲ್ಲೂ ಒಂದು ನೆಂಟ ಇದೆ. ಹೊಲದ ಬದು, ಖಾಲಿ ಸೈಟು ಎಲ್ಲೆಲ್ಲೂ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಎರಡರ ಪರಾಗಕ್ಕೂ ಹೋಲಿಕೆ ಇದೆ, ಒಂದಕ್ಕೆ ಹುಟ್ಟಿದ ಐಜಿಇ ಇನ್ನೊಂದನ್ನೂ ಹಿಡಿಯುತ್ತದೆ ಎಂದು ಬೆಂಗಳೂರಿನ ವಿಜ್ಞಾನಿಗಳಾದ ಶ್ರೀರಾಮರಾವ್ ಮತ್ತು ಸುಬ್ಬರಾವ್ 1993ರಲ್ಲಿ ತೋರಿಸಿದರು. (ಹಾಗಂತ ಕಾಂಗ್ರೆಸ್ ಗಿಡಕ್ಕೆ ಸೀನುವವರೆಲ್ಲ ಬಾಳೆಹಣ್ಣು ಬಿಡಬೇಕಿಲ್ಲ. ಅಂಥ ಆತುರವೇ ಅಕ್ಕನ ಸಾರು ನಿಲ್ಲಿಸಿದ್ದು.)

ಸೀಗಡಿಯ ಗುಟ್ಟು ಇನ್ನೂ ಹತ್ತಿರದ್ದು. ಹಾಸಿಗೆ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿ ಇರುತ್ತದೆ. ಈ ನುಸಿ, ಜಿರಳೆ, ಸೀಗಡಿ ಮೂರರ ಮೈಯಲ್ಲೂ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಇದೆ, ರೂಪ ಹೆಚ್ಚುಕಡಿಮೆ ಒಂದೇ. ಹಾಗಾಗಿ ನುಸಿಯ ಧೂಳು ಆಗದವರ ರಕ್ತ, ಸೀಗಡಿ ತಿನ್ನದಿದ್ದರೂ, ‘ಸೀಗಡಿ ಪಾಸಿಟಿವ್’ ಎನ್ನಬಹುದು.

ಇದು ಅಕ್ಕ ಒಬ್ಬರ ಕಥೆಯಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ನಡೆಸಿದ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 20ರಿಂದ 54 ವರ್ಷದ 11,791 ಜನರನ್ನು ಮೊದಲು ಪ್ರಶ್ನೆ ಕೇಳಿದರು. ಅವರಲ್ಲಿ 588 ಮಂದಿಯ ರಕ್ತವನ್ನು 24 ಆಹಾರಗಳಿಗೆ ಪರೀಕ್ಷಿಸಿದರು. ಲೆಕ್ಕ ಹಾಕಿದಾಗ ಶೇ 26.5 ಜನರ ರಕ್ತದಲ್ಲಿ ಯಾವುದಾದರೂ ಆಹಾರದ ವಿರುದ್ಧ ಐಜಿಇ ಇತ್ತು. ಇಲ್ಲಿನವರು ಅಷ್ಟಾಗಿ ತಿನ್ನದ ಆಹಾರಕ್ಕೂ ಇತ್ತು! ಆದರೆ ತಿಂದಾಗ ತೊಂದರೆಯೂ ಆಗಿ, ಅದೇ ಆಹಾರಕ್ಕೆ ರಕ್ತದಲ್ಲೂ ಪಾಸಿಟಿವ್ ಬಂದವರು ಶೇ 1.2 ಮಾತ್ರ. ಪರಾಗ ಮತ್ತು ಆಹಾರಗಳ ನಡುವಿನ ಹೋಲಿಕೆ ಈ ಅಧ್ಯಯನದಲ್ಲೂ ಎದ್ದು ಕಂಡಿತು.

ನಾಲ್ವರಲ್ಲಿ ಒಬ್ಬರಿಗೆ ಪಾಸಿಟಿವ್, ನೂರರಲ್ಲಿ ಒಬ್ಬರಿಗೆ ತೊಂದರೆ. ಈ ಅಂತರವನ್ನು ಲ್ಯಾಬ್ ವರದಿ ಬರೆಯುವುದಿಲ್ಲ. ತಿಂದರೆ ಏನಾಗುತ್ತದೆ ಎಂದು ವೈದ್ಯರೇ ಕೇಳಬೇಕು.

ಅಕ್ಕನನ್ನು ಬೇರೊಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ವರದಿಯನ್ನು ಪಕ್ಕಕ್ಕಿಟ್ಟು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಟೊಮೆಟೊ? “ನಲವತ್ತು ವರ್ಷದಿಂದ ತಿಂತಿದೀನಿ, ಏನೂ ಆಗಿಲ್ಲ.” ಗೋಧಿ? ಅದೂ ಹಾಗೇ. ಕಡಲೆಕಾಯಿ? ಅಕ್ಕ ಸ್ವಲ್ಪ ತಡೆದರು. “ಎರಡು ಸಲ ತುಟಿ ಊದಿತ್ತು, ಗಂಟಲು ಹಿಡ್ಕೊಂಡಿತ್ತು.” ಪರೀಕ್ಷೆ ಮಾಡಿಸುವಾಗ ಇದನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕಡಲೆಕಾಯಿ ಮುಟ್ಟಲೇಬೇಡಿ, ಮನೆಯಲ್ಲಿ ತಿಂದು ನೋಡುವ ಪ್ರಯೋಗವೂ ಬೇಡ ಎಂದರು ವೈದ್ಯರು. ಉಳಿದದ್ದೆಲ್ಲ ತಿನ್ನಿ, ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ ಎಂದರು.

ಅವತ್ತು ರಾತ್ರಿ ಎದುರು ಮನೆಯಿಂದ ನಮಗೂ ಒಂದು ಪಾತ್ರೆ ಟೊಮೆಟೊ ಸಾರು ಬಂತು.