ಆಸ್ಟ್ರೇಲಿಯಾಕ್ಕೆ ಯುರೋವಿಷನ್ ಒಲಿದ ಬಗೆ

ಯುರೋವಿಷನ್ ಗೀತಸ್ಪರ್ಧೆಯ ಫೈನಲ್ ಯುರೋಪಿನಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೆ ಶುರುವಾದರೆ ಸಿಡ್ನಿಯಲ್ಲಿ ಆಗ ಭಾನುವಾರ ಬೆಳಗಿನ ಜಾವ ಐದು ಗಂಟೆ. ಮೇ ತಿಂಗಳೆಂದರೆ ಅಲ್ಲಿ ಚಳಿ ಕಾಲಿಡುವ ಹೊತ್ತು, ಹೊರಗಿನ್ನೂ ಕತ್ತಲು. ಅಂಥ ಹೊತ್ತಲ್ಲಿ ಎದ್ದು, ಗೆಳೆಯರನ್ನು ಕರೆಸಿಕೊಂಡು, ತಮಗಿಷ್ಟವಾದ ದೇಶದ ಬಾವುಟ ಹಿಡಿದು ಟಿವಿ ಮುಂದೆ ಕೂರುವವರು ಆ ದೇಶದಲ್ಲಿ ಬೇಕಾದಷ್ಟಿದ್ದಾರೆ. ಭೂಗೋಳದ ಇನ್ನೊಂದು ತುದಿಯ ಸ್ಪರ್ಧೆಗೆ ಇಷ್ಟೇಕೆ ಹುಚ್ಚು ಎಂದು ಹೊರಗಿನವರು ಅಚ್ಚರಿಪಡುತ್ತಾರೆ. ಆಸ್ಟ್ರೇಲಿಯಾದ ಕಳೆದ ಎಪ್ಪತ್ತೆಂಬತ್ತು ವರ್ಷಗಳ ವಲಸೆಯ ಚರಿತ್ರೆಯನ್ನು ನೋಡಿದರೆ ಅಚ್ಚರಿಗೆ ಕಾರಣವೇ ಉಳಿಯುವುದಿಲ್ಲ.

ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಈ ಸ್ಪರ್ಧೆಯನ್ನು ಆರಂಭಿಸಿದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ. ಏಳೇ ದೇಶಗಳು ಹಾಡಿದ್ದವು. ಯುದ್ಧದಿಂದ ನಲುಗಿದ ಯುರೋಪಿನಿಂದ ಇಟಲಿ, ಗ್ರೀಸ್, ಯುಗೊಸ್ಲಾವಿಯಾ, ಮಾಲ್ಟಾದ ಕುಟುಂಬಗಳು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದಿಳಿಯುತ್ತಿದ್ದ ಕಾಲವೂ ಅದೇ. ಹೀಗೆ ಬಂದವರು ಮನೆಯಲ್ಲಿ ಆಡುವ ಭಾಷೆಗೆ ಅಲ್ಲಿನ ರೇಡಿಯೊದಲ್ಲಿ ಹೆಚ್ಚುಕಡಿಮೆ ಜಾಗವೇ ಇರಲಿಲ್ಲ. ‘ಬಿಳಿಯರ ಆಸ್ಟ್ರೇಲಿಯಾ’ ನೀತಿಯ ಕೊನೆಯ ಎಳೆಗಳು ಕಳಚಿದ್ದು 1973ರಲ್ಲಿ. ಎರಡು ವರ್ಷಗಳ ನಂತರ ಸಿಡ್ನಿಯಲ್ಲೊಂದು, ಮೆಲ್ಬರ್ನ್‌ನಲ್ಲೊಂದು ಬಹುಭಾಷಾ ರೇಡಿಯೊ ಕೇಂದ್ರ ತೆರೆದವು. ಮೆಡಿಬ್ಯಾಂಕ್ ಎಂಬ ಹೊಸ ಸರ್ಕಾರಿ ಆರೋಗ್ಯ ಯೋಜನೆಯನ್ನು ವಲಸಿಗರಿಗೆ ಅವರವರ ಭಾಷೆಯಲ್ಲೇ ತಿಳಿಸಬೇಕಿತ್ತು. ತಕ್ಷಣದ ಕಾರಣ ಅಷ್ಟೇ. ಅದರಿಂದ ಬೆಳೆದದ್ದು ಎಸ್‌ಬಿಎಸ್ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆ. 1980ರ ಅಕ್ಟೋಬರ್‌ನಲ್ಲಿ ಅದು ಟಿವಿ ಪ್ರಸಾರವನ್ನೂ ಆರಂಭಿಸಿತು. ಇದೇ ಸಂಸ್ಥೆಯ ರೇಡಿಯೊ ಕನ್ನಡದಲ್ಲೂ ಕಾರ್ಯಕ್ರಮ ಕೊಟ್ಟಿದೆ.

ಅಷ್ಟರಲ್ಲೇ ಜನಪ್ರಿಯ ಸಂಗೀತದ ದಾರಿಯಿಂದಲೂ ಯುರೋವಿಷನ್ ಆಸ್ಟ್ರೇಲಿಯಾವನ್ನು ತಲುಪಿತ್ತು. 1974ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಬ್ರಿಟನ್ ಪರವಾಗಿ ಹಾಡಿದವಳು ಮೆಲ್ಬರ್ನ್‌ನಲ್ಲಿ ಬೆಳೆದ ಒಲಿವಿಯಾ ನ್ಯೂಟನ್-ಜಾನ್. ಗೆದ್ದದ್ದು ಸ್ವೀಡನ್ನಿನ ಆಬಾ ತಂಡ. ಆಬಾವನ್ನು ಆಸ್ಟ್ರೇಲಿಯಾ ಅಪ್ಪಿಕೊಂಡಷ್ಟು ಗಾಢವಾಗಿ ಅಪ್ಪಿಕೊಂಡ ದೇಶಗಳು ಕಡಿಮೆ. ಅವರ ‘ಫರ್ನಾಂಡೊ’ ಅಲ್ಲಿನ ಪಟ್ಟಿಯಲ್ಲಿ ಹದಿನಾಲ್ಕು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. 1977ರಲ್ಲಿ ತಂಡ ಪ್ರವಾಸ ಬಂದಾಗ ಊರಿಗೆ ಊರೇ ಬೀದಿಗಿಳಿದಿತ್ತು. ಐರ್ಲೆಂಡಿಗೆ 1980 ಮತ್ತು 1987ರಲ್ಲಿ ಗೆಲುವು ತಂದ ಜಾನಿ ಲೋಗನ್ ಹುಟ್ಟಿದ್ದು ಕೂಡ ಮೆಲ್ಬರ್ನ್ ಬಳಿಯ ಫ್ರಾಂಕ್‌ಸ್ಟನ್‌ನಲ್ಲಿ.

ಎಸ್‌ಬಿಎಸ್ ಯುರೋವಿಷನ್ ಪ್ರಸಾರಕ್ಕೆ ಕೈಹಾಕಿದ್ದು 1983ರಲ್ಲಿ. ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವರ್ಷ ಅದು ಎಂದು ನಾನು ತಿಳಿಯುತ್ತೇನೆ. ಆಗ ಸ್ಪರ್ಧಿಸುವ ದೇಶಗಳು ತಮ್ಮ ತಮ್ಮ ಭಾಷೆಯಲ್ಲೇ ಹಾಡಬೇಕೆಂಬ ನಿಯಮವಿತ್ತು. ಹೀಗಾಗಿ ಮೆಲ್ಬರ್ನ್‌ನ ಗ್ರೀಕ್ ಅಜ್ಜಿಗೂ ಸಿಡ್ನಿಯ ಕ್ರೊಯೇಷಿಯನ್ ಅಪ್ಪನಿಗೂ ವರ್ಷಕ್ಕೊಮ್ಮೆ ತಮ್ಮ ನುಡಿ ಟಿವಿಯಲ್ಲಿ ಹಾಡಾಗಿ ಕೇಳುವ ಅವಕಾಶ ಸಿಕ್ಕಿತು. ಮಕ್ಕಳು ಪಕ್ಕದಲ್ಲಿ ಕೂತು ನೋಡಿದರು; ಅವರ ಜೊತೆ ಯುರೋಪಿನ ನಂಟೇ ಇಲ್ಲದ ಶಾಲೆಯ ಗೆಳೆಯರೂ ನೋಡಿದರು. ವ್ಯಾಖ್ಯಾನ ಬಹುಕಾಲ ಬಿಬಿಸಿಯ ಟೆರಿ ವೋಗನ್ ಅವರದೇ ಆಗಿತ್ತು. 2009ರಿಂದ ಜೂಲಿಯಾ ಝೆಮಿರೊ ಮತ್ತು ಸ್ಯಾಮ್ ಪ್ಯಾಂಗ್ ಸ್ಪರ್ಧೆಯ ಊರಿಗೇ ಹೋಗಿ ನಿರೂಪಿಸತೊಡಗಿದ ಮೇಲೆ ಕಾರ್ಯಕ್ರಮಕ್ಕೆ ಆಸ್ಟ್ರೇಲಿಯಾದ ದನಿ ಬಂತು. ಝೆಮಿರೊ ಸ್ವತಃ ಫ್ರಾನ್ಸಿನಲ್ಲಿ ಹುಟ್ಟಿ, ಎಳವೆಯಲ್ಲೇ ಸಿಡ್ನಿಗೆ ಬಂದವರು.

2014ರಲ್ಲಿ ಕೋಪನ್‌ಹೇಗನ್‌ನ ಸೆಮಿಫೈನಲ್ ನಡುವೆ ಡಾರ್ವಿನ್ ನಗರದ ಮೂಲನಿವಾಸಿ ಗಾಯಕಿ ಜೆಸಿಕಾ ಮಾಬಾಯ್ ಅತಿಥಿಯಾಗಿ ಹಾಡಿದಳು. ಮರುವರ್ಷ ವಿಯೆನ್ನಾದಲ್ಲಿ ಸ್ಪರ್ಧೆಯ ಅರವತ್ತನೇ ವರ್ಷದ ಸಂಭ್ರಮ. ಆಸ್ಟ್ರೇಲಿಯಾಕ್ಕೆ ಆ ಒಂದು ಬಾರಿಗೆಂದು ಆಹ್ವಾನ ಬಂತು. ಮಲೇಷ್ಯಾದಲ್ಲಿ ಹುಟ್ಟಿದ ಗಾಯ್ ಸೆಬಾಸ್ಟಿಯನ್ ಹಾಡಿ ಐದನೇ ಸ್ಥಾನ ಪಡೆದ. ಆಸ್ಟ್ರೇಲಿಯಾ ಮತ ಹಾಕಿದ್ದೂ ಅದೇ ಮೊದಲು.

ಆಹ್ವಾನ ಅಲ್ಲಿಗೇ ನಿಲ್ಲದೆ ಮುಂದುವರಿಯಿತು. 2016ರ ಸ್ಟಾಕ್‌ಹೋಮ್ ಫೈನಲನ್ನು ಸ್ವಲ್ಪ ನಿಂತು ನೋಡಬೇಕು. ಕೊರಿಯಾದಲ್ಲಿ ಹುಟ್ಟಿ ಬಾಲ್ಯದಲ್ಲಿ ಬ್ರಿಸ್ಬೇನ್‌ಗೆ ಬಂದ ಡಾಮಿ ಇಮ್ ಹೊಳೆಯುವ ಉಡುಪಿನಲ್ಲಿ ಎತ್ತರದ ಪೀಠವೊಂದರ ಮೇಲೆ ಕೂತೇ ‘ಸೌಂಡ್ ಆಫ್ ಸೈಲೆನ್ಸ್’ ಶುರುಮಾಡಿದಳು. ಸುತ್ತ ನರ್ತಕರಿಲ್ಲ, ಕುಣಿತವಿಲ್ಲ. ಕೈಯಾಡಿಸಿದಂತೆ ತೆರೆಯ ಮೇಲೆ ಬೆಳಕಿನ ಚಿತ್ರಗಳು ಸರಿಯುತ್ತಿದ್ದವು. ಹಾಡು ಏರುತ್ತಿದ್ದಂತೆ ಪೀಠದಿಂದಿಳಿದು ನಿಂತು ಹಾಡಿದಳು. ತೀರ್ಪುಗಾರರ ಅಂಕಗಳು ಮುಗಿದಾಗ 320 ಅಂಕಗಳೊಂದಿಗೆ ಅವಳೇ ಎಲ್ಲರಿಗಿಂತ ಮುಂದೆ. ವೀಕ್ಷಕರ ಮತವನ್ನು ಪ್ರತ್ಯೇಕವಾಗಿ ಘೋಷಿಸುವ ಪದ್ಧತಿ ಬಂದದ್ದು ಅದೇ ವರ್ಷ. ಅಲ್ಲಿ ಸಿಕ್ಕಿದ್ದು 191. ಒಟ್ಟು 511, ಉಕ್ರೇನಿನ ಜಮಾಲಾಗೆ 534. ಆಸ್ಟ್ರೇಲಿಯಾದ ಈವರೆಗಿನ ಅತ್ಯುತ್ತಮ ಸಾಧನೆ ಆ ಎರಡನೇ ಸ್ಥಾನ.

ಮುಂದಿನ ವರ್ಷಗಳಲ್ಲಿ ತೀರ್ಪುಗಾರರ ಮತ್ತು ವೀಕ್ಷಕರ ಅಂಕಗಳ ನಡುವಿನ ಈ ಅಂತರ ಇನ್ನಷ್ಟು ಕಣ್ಣಿಗೆ ರಾಚಿತು. 2017ರಲ್ಲಿ ಐಸಾಯಾ ಫೈರ್‌ಬ್ರೇಸ್‌ಗೆ ತೀರ್ಪುಗಾರರು 171 ಅಂಕ ಕೊಟ್ಟರೆ ವೀಕ್ಷಕರಿಂದ ಬಂದದ್ದು ಎರಡೇ ಎರಡು. 2022ರಲ್ಲಿ ಶೆಲ್ಡನ್ ರೈಲಿಗೂ ವೀಕ್ಷಕರ ಎರಡೇ ಅಂಕ. ಗ್ರೀಸಿಗೆ ಸೈಪ್ರಸ್ ಇದೆ, ನಾರ್ಡಿಕ್ ದೇಶಗಳಿಗೆ ಪರಸ್ಪರ ಒಲವಿದೆ. ಹೊರದೇಶಗಳಲ್ಲಿ ನೆಲೆಸಿದವರು ತಾಯ್ನಾಡಿಗೆ ಫೋನೆತ್ತುತ್ತಾರೆ. ಆಸ್ಟ್ರೇಲಿಯಾಕ್ಕೆ ಅಂಥ ನೆರೆಹೊರೆ ಇಲ್ಲ. ಹಾಡು ಕೇಳಿದ ಮೂರು ನಿಮಿಷದಲ್ಲೇ ಜನರ ಮನಸ್ಸಿಗೆ ನಾಟಬೇಕು.

ಹಾಗೆ ನಾಟಿದ ಹಾಡುಗಳೂ ಇವೆ. 2019ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ‘ಆಸ್ಟ್ರೇಲಿಯಾ ಡಿಸೈಡ್ಸ್’ ಎಂಬ ಆಯ್ಕೆ ಸ್ಪರ್ಧೆ ನಡೆಸಿ ತೀರ್ಪುಗಾರರ ಜೊತೆ ಜನರೂ ತಮ್ಮ ಪ್ರತಿನಿಧಿಯನ್ನು ಆರಿಸುವ ಪದ್ಧತಿ ಆರಂಭವಾಯಿತು. ಮೊದಲ ವರ್ಷ ಗೆದ್ದವಳು ಒಪೆರಾ ಕಲಿತ ಕೇಟ್ ಮಿಲ್ಲರ್-ಹೈಡ್ಕೆ. ಹೆರಿಗೆಯ ನಂತರದ ಖಿನ್ನತೆಯನ್ನು ಸ್ವತಃ ಅನುಭವಿಸಿ ಬರೆದ ಹಾಡು ಅವಳದು. ಟೆಲ್ ಅವೀವ್‌ನ ವೇದಿಕೆಯಲ್ಲಿ ಬಳುಕುವ ಎತ್ತರದ ಕಂಬದ ತುದಿಯಲ್ಲಿ, ಆಚೀಚೆ ತೂಗುತ್ತಾ, ತಾರಸ್ಥಾಯಿ ಒಂದಿಷ್ಟೂ ಅಲುಗದಂತೆ ಹಾಡಿ ಒಂಬತ್ತನೆಯವಳಾದಳು. 2023ರಲ್ಲಿ ಸೆಮಿಫೈನಲ್‌ಗೆ ವೀಕ್ಷಕರ ಮತವೊಂದೇ ಆಧಾರವಾದಾಗ ಪರ್ತ್‌ನ ಮೆಟಲ್ ತಂಡ ವಾಯೇಜರ್ ತನ್ನ ಸೆಮಿಫೈನಲ್‌ನಲ್ಲಿ ಮೊದಲ ಸ್ಥಾನವನ್ನೇ ಪಡೆಯಿತು. ದೂರದ ದೇಶ ಎಂಬ ಒಂದೇ ಕಾರಣಕ್ಕೆ ಯುರೋಪಿನ ಜನ ಮತ ಹಾಕುವುದಿಲ್ಲ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ನನ್ನ ಲೆಕ್ಕದಲ್ಲಿ ಆಸ್ಟ್ರೇಲಿಯಾ ಯುರೋವಿಷನ್‌ಗೆ ಕೊಟ್ಟ ಅತಿ ದೊಡ್ಡ ಕೊಡುಗೆ 2024ರಲ್ಲಿ ಮಾಲ್ಮೊದಲ್ಲಿ ಎಲೆಕ್ಟ್ರಿಕ್ ಫೀಲ್ಡ್ಸ್ ಜೋಡಿ ಹಾಡಿದ ‘ಒನ್ ಮಿಲ್ಕಾಲಿ’. ಇಂಗ್ಲಿಷಿನ ಜೊತೆ ಅದರಲ್ಲಿ ಯಾಂಕುನಿಜಾಜರ ಎಂಬ ಮೂಲನಿವಾಸಿ ನುಡಿಯಿತ್ತು, ಯಿಡಾಕಿ ಎಂಬ ಮರದ ಕೊಳವೆ ವಾದ್ಯದ ನಾದವಿತ್ತು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಯೊಂದು ಆ ವೇದಿಕೆಯಲ್ಲಿ ಕೇಳಿದ್ದು ಅದೇ ಮೊದಲು. ಫೈನಲಿಗೆ ಹೋಗಲಿಲ್ಲವೆಂಬುದು ನನಗೆ ಈಗಲೂ ಬೇಸರದ ಸಂಗತಿ. 2025ರಲ್ಲಿ ಬಾಸೆಲ್‌ನಲ್ಲಿ ಗೋ-ಜೋ ಕೂಡ ಸೆಮಿಫೈನಲ್‌ನಲ್ಲೇ ಉಳಿದ.

‘ಆಸ್ಟ್ರೇಲಿಯಾ ಡಿಸೈಡ್ಸ್’ 2022ರ ನಂತರ ನಡೆದಿಲ್ಲ. ಪ್ರತಿನಿಧಿಯನ್ನು ಎಸ್‌ಬಿಎಸ್ ಒಳಗೊಳಗೇ ಆರಿಸುತ್ತಿದೆ. ಖರ್ಚಿನ ಲೆಕ್ಕ ಏನೇ ಇರಲಿ, ಇದು ಸರಿಯಾದ ದಾರಿಯಲ್ಲ. ನಲವತ್ತು ವರ್ಷ ನೋಡಿ ನೋಡಿ ಈ ಸ್ಪರ್ಧೆಯನ್ನು ತಮ್ಮದಾಗಿಸಿಕೊಂಡವರು ವೀಕ್ಷಕರು. ತಮ್ಮ ಪರವಾಗಿ ಯಾರು ಹಾಡಬೇಕೆಂದು ಹೇಳುವ ಹಕ್ಕನ್ನು ಎಸ್‌ಬಿಎಸ್ ಅವರಿಗೇ ಮರಳಿಸಬೇಕು.