ಎಂಜಿನ್ ಬದಲಾದ ಜೀಪು: ಮಧುಗಿರಿ–ಪಾವಗಡ ಸೀಮೆಯಿಂದ ಕಂಡ ಒಂದು ವಾಹನ ಚರಿತ್ರೆ

ಜೀಪಿನ ಚರಿತ್ರೆ ಬರೆಯುವವರು ಅದನ್ನು ಯುದ್ಧಭೂಮಿಯಲ್ಲಿ ಶುರುಮಾಡಿ ಸಂಗ್ರಾಹಕರ ಶೆಡ್ಡಿನಲ್ಲಿ ಮುಗಿಸುವುದೇ ಹೆಚ್ಚು. 1940ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬ್ಯಾಂಟಮ್ ಕಂಪನಿ ಕಟ್ಟಿಕೊಟ್ಟ ಮೊದಲ ಮಾದರಿ, ವಿಲ್ಲೀಸ್ ಮತ್ತು ಫೋರ್ಡ್ ಯುದ್ಧ ಮುಗಿಯುವಷ್ಟರಲ್ಲಿ ತಯಾರಿಸಿದ ಆರು ಲಕ್ಷಕ್ಕೂ ಮಿಕ್ಕಿದ ಗಾಡಿಗಳು, ಆಮೇಲೆ ಅವನ್ನು ಮೂಲ ರೂಪದಲ್ಲೇ ಉಳಿಸಿಕೊಂಡ ಹವ್ಯಾಸಿಗಳು. ನಡುವಿನ ಅರ್ಧ ಶತಮಾನ ಜೀಪನ್ನು ದುಡಿಸಿಕೊಂಡವರು ಈ ಲೆಕ್ಕಕ್ಕೆ ಬರುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಿಂದ ನೋಡಿದರೆ ಆ ನಡುಗಾಲವೇ ಚರಿತ್ರೆ. ಇಂಥ ಕಡೆ ಜೀಪು ಉಳಿದದ್ದು ಬದಲಾದದ್ದರಿಂದ. ಆ ಬದಲಾವಣೆಗಳೇ ಅದರ ಮುಖ್ಯ ದಾಖಲೆ ಎಂಬುದು ನನ್ನ ವಾದ.

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಬಿಡಿಭಾಗ ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಆದರೆ ಹಳ್ಳಿಯ ಕಣ್ಣಿಗೆ ಜೀಪು ಬಿದ್ದದ್ದು ಬಹುಮಟ್ಟಿಗೆ ಸರ್ಕಾರದ ಮೂಲಕ. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆ ಬ್ಲಾಕುಗಳಿಗೆ ಒಬ್ಬ ಬ್ಲಾಕ್ ಅಭಿವೃದ್ಧಿ ಅಧಿಕಾರಿಯನ್ನೂ (ಬಿಡಿಓ) ಒಂದು ಜೀಪನ್ನೂ ಕೊಟ್ಟಿತು. ಬಿಡಿಓ ಎಂದರೆ ಜೀಪು ಎನ್ನುವಷ್ಟು ಎರಡೂ ಬೆಸೆದುಕೊಂಡವು. ಮೂರು ಕಡೆ ಆಂಧ್ರದ ನೆಲವಿರುವ ಪಾವಗಡದಲ್ಲಿ, ಗಾಡಿಜಾಡು, ಕೊರಕಲು, ಕೆರೆಯೇರಿಗಳೇ ದಾರಿಯಾಗಿದ್ದ ಕಾಲಕ್ಕೆ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯ ಅರ್ಥವೇ ಬೇರೆ. ಹಳತಾದ ಸರ್ಕಾರಿ ಜೀಪು ಹರಾಜಿಗೆ ಬಂದಾಗ ಖಾಸಗಿ ಒಡೆತನದ ಬಾಗಿಲು ತೆರೆಯಿತು. ಹರಾಜಿನಲ್ಲಿ ಕೊಂಡವನಿಗೆ ಬೇಕಿದ್ದದ್ದು ದುಡಿಯುವ ಗಾಡಿ.

ಅಲ್ಲಿಂದ ಮುಂದಿನ ಕಥೆ ಎಂಜಿನ್‌ನದು. ಪೆಟ್ರೋಲ್ ಕುಡಿಯುವ 2.2 ಲೀಟರ್‌ನ ಹರಿಕೇನ್ ಎಂಜಿನ್ ಒಣಬೇಸಾಯದ ಆದಾಯಕ್ಕೆ ಭಾರ. ಮಹೀಂದ್ರ 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿಯಿತು. ಆ ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ ಮುಂದೆ ಕಂಪನಿಯ ಜೀಪುಗಳಿಗೂ ಬಂತು. 1980ರ ದಶಕದಲ್ಲಿ ಪ್ಯೂಜೋ ಡೀಸೆಲ್ ಬಂತು. ಹೊಲದಲ್ಲಿ ಟ್ರ್ಯಾಕ್ಟರ್ ಬಿಚ್ಚುವ ಮೆಕ್ಯಾನಿಕ್‌ಗೆ ಜೀಪಿನ ಹೊಟ್ಟೆಯೂ ಪರಿಚಿತವಾಗಿದ್ದೀತು ಎಂದು ಊಹಿಸಲು ಅಡ್ಡಿಯಿಲ್ಲ. ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡ ಒಡೆಯರಿಗೆ ಗ್ಯಾರೇಜು, ಲೇತು, ಗುಜರಿ ಅಂಗಡಿ ಇವೇ ಸಂಘ. ಸದಸ್ಯತ್ವದ ಚೀಟಿ ಯಾರಿಗೂ ಬೇಕಿರಲಿಲ್ಲ.

ಎಂಜಿನ್ ಬದಲಾದ ಮೇಲೆ ಅದು ವಿಲ್ಲೀಸೇ ಅಲ್ಲ ಎನ್ನುವವರಿದ್ದಾರೆ. ಕಾನೂನೂ ಹೆಚ್ಚುಕಡಿಮೆ ಅವರ ಪರ: 2021ರ ವಿಂಟೇಜ್ ನೋಂದಣಿ ನಿಯಮ ಐವತ್ತು ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗದ ಗಾಡಿಗೆ ಮಾತ್ರ ಆ ಮಾನ್ಯತೆ ಕೊಡುತ್ತದೆ. ಆದರೆ 'ಮೂಲ' ಎಂದು ನಾವು ಬೆರಳು ತೋರುವ ಸಿಜೆ-3ಬಿ ಮಾದರಿಯ ಎತ್ತರದ ಬಾನೆಟ್ ಬಂದದ್ದೇ 1953ರಲ್ಲಿ, ಹಳೆಯ ಎಂಜಿನ್ ತೆಗೆದು ಅದಕ್ಕಿಂತ ಎತ್ತರದ ಹರಿಕೇನ್ ಕೂರಿಸಲು ಜಾಗ ಸಾಲದೆ. ಕಾರ್ಖಾನೆ ಮಾಡಿದರೆ ವಿಕಾಸ, ಊರಿನ ಮೇಸ್ತ್ರಿ ಮಾಡಿದರೆ ವಿಕಾರ ಎನ್ನುವ ಅಳತೆಗೋಲನ್ನು ಚರಿತ್ರಕಾರ ಒಪ್ಪಬಾರದು. ಹಾಗೆಂದು ಮೂಲ ಎಂಜಿನ್ನಿನೊಂದಿಗೇ ಉಳಿದಿರುವ ಕೆಲವನ್ನು ಹಾಗೇ ಕಾಯಬೇಕೆಂಬ ಮಾತಿಗೆ ನನ್ನ ತಕರಾರಿಲ್ಲ. ಯಾವುದು ಬದಲಾಯಿತೆಂದು ತಿಳಿಯಲು ಬದಲಾಗದ ಒಂದಾದರೂ ಕಣ್ಣೆದುರು ಬೇಕು. ಅದನ್ನೇ ಇಡೀ ಚರಿತ್ರೆಯೆನ್ನುವುದಕ್ಕೆ ಮಾತ್ರ ಆಕ್ಷೇಪ.

ಈ ಪ್ರಶ್ನೆಗೆ ಈಗ ಅವಸರವೂ ಇದೆ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ಗುಜರಿ ಕೇಂದ್ರ ಸೇರಬೇಕು. ಹರಾಜಿನಿಂದ ಹಳ್ಳಿಗೆ ಜೀಪು ಬರುತ್ತಿದ್ದ ದಾರಿ ಮುಚ್ಚಿದೆ. ಎಂಜಿನ್ ಬದಲಿಸಿದರೆ ಆರ್‌ಸಿ ಪುಸ್ತಕದಲ್ಲಿ ನಮೂದಿಸಬೇಕೆಂಬ ನಿಯಮ ಹಿಂದಿನಿಂದಲೂ ಇದೆ. ಆ ನಮೂದುಗಳನ್ನೂ ಚಾಸಿಯ ಮೇಲಿನ ಬೆಸುಗೆಯ ಗುರುತುಗಳನ್ನೂ ತಾಲ್ಲೂಕುವಾರು ದಾಖಲಿಸುವ ಕೆಲಸ ಗಾಡಿಗಳು ಕಣ್ಣಿಗೆ ಕಾಣುತ್ತಿರುವಾಗಲೇ ಆಗಬೇಕು.