ಮ್ಯಾಗಜಿನ್: ಒಂದು ಪದ, ಎರಡು ಉಗ್ರಾಣ

ಮಾಸಪತ್ರಿಕೆಯನ್ನು ನಾವು ಮ್ಯಾಗಜಿನ್ ಎನ್ನುತ್ತೇವೆ. ಬಂದೂಕಿನಲ್ಲಿ ಗುಂಡು ತುಂಬುವ ಭಾಗಕ್ಕೂ ಅದೇ ಹೆಸರು. ಮೂಲ ಅರಬಿಯ ‘ಮಖ್ಜನ್’, ಅಂದರೆ ಉಗ್ರಾಣ. ನಮ್ಮ ‘ಖಜಾನೆ’ಯೂ ಅದೇ ಧಾತುವಿನದು. ಯುರೋಪಿಗೆ ಹೋದ ಈ ಪದಕ್ಕೆ ಮದ್ದಿನ ಮನೆ ಎಂಬ ಅರ್ಥವೂ ಬಂತು. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್, ಬರಹಗಳ ಉಗ್ರಾಣವೆಂದು ತನ್ನ ಪತ್ರಿಕೆಗೆ ಆ ಹೆಸರಿಟ್ಟ.

ಎಕಂಬಾ, ಔರಾದ್ ಕಡೆಯಿಂದ ಬೀದರ್‌ಗೆ ಬಂದವರು ಒಂಟಿ ಮಿನಾರಿನ ಮದರಸಾ ಕಂಡಿರುತ್ತಾರೆ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಅದು ಗ್ರಂಥಗಳ ಉಗ್ರಾಣವಾಗಿತ್ತು. ಮೊಗಲರ ಕಾಲದಲ್ಲಿ ಅಲ್ಲಿ ಸಿಡಿಮದ್ದು ತುಂಬಿದರು. 17ನೇ ಶತಮಾನದ ಕೊನೆಗೆ ಅದು ಸಿಡಿದು, ಕಟ್ಟಡದ ಒಂದು ಪಾರ್ಶ್ವವೂ ಇನ್ನೊಂದು ಮಿನಾರೂ ನೆಲಕ್ಕುರುಳಿದವು.

ಉಗ್ರಾಣಕ್ಕೆ ತನ್ನದೇ ಗುಣವಿಲ್ಲ. ತುಂಬಿದ್ದೇ ಅದರ ಗುಣ. ಪತ್ರಿಕೆಗೂ ಈ ಮಾತು ಸಲ್ಲುತ್ತದೆ. ನಾವು ಅಕ್ಷರ ತುಂಬುತ್ತಿದ್ದೇವೆಯೋ, ಮದ್ದು ತುಂಬುತ್ತಿದ್ದೇವೆಯೋ?